ಎಷ್ಟು ಗಂಟೆಗೆ ಏಳ್ತೀರಿ?

"ಇನ್ನೊಂಚೂರು ಚಟ್ನಿ ಹಾಕಮ್ಮ" ಅಂದ ಗಿರಾಕಿಯ ಮೇಲೆ ಆಕೆ ಸೌಟು ಎಸೆದಿದ್ದರು. ಪುಣ್ಯಕ್ಕೆ ಅದು ಹೋಗಿ ಬಡಿದದ್ದು ಗೋಡೆಗೆ. ತುಮಕೂರು ಕಡೆ ಹೈವೇ ಪಕ್ಕ ಗಂಡ ಹೆಂಡತಿ ಇಬ್ಬರೇ ನಡೆಸುವ ತಟ್ಟೆ ಇಡ್ಲಿ ಹೋಟೆಲು. ಗಂಡ ನನ್ನೆದುರು ಕೂತು, "ಇವ್ಳು ಇಂಥೋಳಲ್ಲ ಸಾರ್. ಒಂದು ವರ್ಷದಿಂದ ಮಾತಾಡ್ಸಿದ್ರೆ ಸಿಡೀತಾಳೆ, ಇಲ್ದಿದ್ರೆ ಅಳ್ತಾಳೆ" ಅಂದರು. ಥೈರಾಯ್ಡ್ ಪರೀಕ್ಷೆ ಆಗಿತ್ತು, ಸರಿಯಾಗೇ ಇತ್ತು. ದೃಷ್ಟಿ ತೆಗೆಸಿದ್ದೂ ಆಗಿತ್ತು. ಮುಟ್ಟು ನಿಲ್ಲುವ ವಯಸ್ಸಲ್ವಾ, ಹಾಗೇ ಇರುತ್ತೆ ಅಂತ ನೆಂಟರು ತೀರ್ಪು ಕೊಟ್ಟಿದ್ದರು.

ನಾನು ಕೇಳಿದ್ದು ಒಂದೇ. "ಎಷ್ಟು ಗಂಟೆಗೆ ಏಳ್ತೀರಮ್ಮ?"

"ಮೂರಕ್ಕೆ. ಒಲೆ ಹಚ್ಬೇಕಲ್ಲ."

"ಮಲಗೋದು?"

"ಹಿಟ್ಟು ರುಬ್ಬಿ, ಪಾತ್ರೆ ತೊಳ್ದು... ಹನ್ನೊಂದಾಗುತ್ತೆ. ಮೊದ್ಲು ಹುಡುಗ ಒಬ್ಬ ಇದ್ದ. ಹೋದ ವರ್ಷ ಕೆಲ್ಸ ಬಿಟ್ಟ."

ಹುಡುಗ ಕೆಲಸ ಬಿಟ್ಟದ್ದೂ ಆಕೆಗೆ ಸಿಟ್ಟು ಶುರುವಾದದ್ದೂ ಒಂದೇ ವರ್ಷ. ಇದನ್ನು ಮನೆಯಲ್ಲಿ ಯಾರೂ ಕೂಡಿಸಿ ನೋಡಿರಲಿಲ್ಲ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತೇವೆ. ಅಂದರೆ ಮೊದಲು ಚಿಂತೆ, ಅದರಿಂದ ನಿದ್ದೆಗೇಡು ಎಂಬ ಲೆಕ್ಕ. ಕ್ಲಿನಿಕ್ಕಿನಲ್ಲಿ ನಾನು ಅಷ್ಟೇ ಸಲ ಉಲ್ಟಾ ಲೆಕ್ಕವನ್ನೂ ನೋಡುತ್ತೇನೆ.

ಮಿದುಳಿನಲ್ಲಿ ಅಮಿಗ್ಡಲಾ ಎಂಬ ಬಾದಾಮಿ ಗಾತ್ರದ ಭಾಗವಿದೆ. ಅದನ್ನು ಅಂಗಳದ ನಾಯಿ ಅಂದುಕೊಳ್ಳಿ. ಯಾರು ಬಂದರೂ ಮೊದಲು ಬೊಗಳುವುದು ಅದರ ಧರ್ಮ. "ಸುಮ್ನಿರೋ, ನಮ್ಮೋರೇ" ಅನ್ನುವ ಯಜಮಾನ ಇರುವುದು ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್‌ನಲ್ಲಿ. 2007ರಲ್ಲಿ ಅಮೆರಿಕದಲ್ಲಿ ನಿದ್ದೆಯ ವಿಜ್ಞಾನಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಆರೋಗ್ಯವಂತ ಯುವಕ ಯುವತಿಯರಲ್ಲಿ ಕೆಲವರನ್ನು ಸುಮಾರು 35 ಗಂಟೆ ಎಚ್ಚರವಾಗಿರಿಸಿ, ಸ್ಕ್ಯಾನರ್ ಒಳಗೆ ಮಲಗಿಸಿ, ಮನಸ್ಸು ಕಲಕುವ ಚಿತ್ರಗಳನ್ನು ತೋರಿಸಿದರು. ನಿದ್ದೆ ಮಾಡಿ ಬಂದವರಿಗಿಂತ ಇವರ ಅಮಿಗ್ಡಲಾ ಸುಮಾರು ಶೇ. 60ರಷ್ಟು ಹೆಚ್ಚು ಕೆರಳಿತು. ಪ್ರಿಫ್ರಂಟಲ್ ಜೊತೆಗಿನ ಅದರ ನಂಟೂ ಸಡಿಲವಾಗಿತ್ತು. ನಾಯಿಯ ದನಿ ಏರಿತ್ತು, ಯಜಮಾನನ ಕೂಗು ಅದಕ್ಕೆ ಕೇಳಿಸುತ್ತಿರಲಿಲ್ಲ. ಚಟ್ನಿ ಕೇಳಿದವನೂ ಆಗ ಕಳ್ಳನ ಹಾಗೇ ಕಾಣುತ್ತಾನೆ.

ಆದರೆ ಈ ಹೆಂಗಸು ಪೂರ್ತಿ ನಿದ್ದೆಗೆಟ್ಟವರಲ್ಲ, ನಾಲ್ಕು ಗಂಟೆ ಮಲಗುತ್ತಿದ್ದರು. ಕಳೆದುಕೊಳ್ಳುತ್ತಿದ್ದದ್ದು ಯಾವ ನಾಲ್ಕು ಗಂಟೆ ಅನ್ನುವುದೇ ಮುಖ್ಯ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಮೊದಲ ಸುತ್ತುಗಳಲ್ಲಿ ಗಾಢ ನಿದ್ದೆ ಹೆಚ್ಚು. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಓಡಾಡುವ, ಕನಸು ದಟ್ಟವಾಗಿ ಬೀಳುವ ರೆಮ್ ನಿದ್ದೆಯ ಬಹುಪಾಲು ಬರುವುದು ಬೆಳಗಿನ ಜಾವ. ಏಳರವರೆಗೆ ಮಲಗಬೇಕಾದವರು ಮೂರಕ್ಕೆ ಎದ್ದರೆ ನಿದ್ದೆ ಅರ್ಧ ಹೋಯಿತು. ರೆಮ್ ಮಾತ್ರ ಅರ್ಧಕ್ಕಿಂತ ಎಷ್ಟೋ ಹೆಚ್ಚು ಹೋಯಿತು.

ಅದು ಹೋದರೆ ನಷ್ಟವೇನು? ಎಚ್ಚರದಲ್ಲಿ ಮನಸ್ಸಿಗೆ ಪೆಟ್ಟಾದಾಗ ಮಿದುಳಿನಲ್ಲಿ ನಾರ್‌ಅಡ್ರಿನಲಿನ್ ಏರುತ್ತದೆ. ಎದೆ ಹೊಡೆದುಕೊಳ್ಳುವುದು, ಮೈ ಬಿಸಿಯಾಗುವುದು ಎಲ್ಲ ಆ ಅಲಾರಮ್ಮಿನ ಭಾಗ. ರೆಮ್ ನಿದ್ದೆಯಲ್ಲಿ ಅಮಿಗ್ಡಲಾ ಚುರುಕಾಗಿದ್ದರೂ ಈ ರಾಸಾಯನಿಕದ ಒರತೆ ಬಹುತೇಕ ಬತ್ತಿರುತ್ತದೆ. ಅಂದರೆ ನಿನ್ನೆಯ ಜಗಳ ಒಳಗೆ ಮತ್ತೆ ಆಡುತ್ತದೆ, ಆದರೆ ಅಲಾರಂ ಆಫ್ ಆಗಿರುತ್ತದೆ. ಹೀಗೆ ರಾತ್ರಿ ರಾತ್ರಿ ಆಡಿ ಆಡಿ ನೆನಪು ಉಳಿದು ಉರಿ ಇಳಿಯುತ್ತದೆ ಎನ್ನುವುದು ವಾಕರ್ ತಂಡದ ವಾದ. 2011ರಲ್ಲಿ ಅವರು ಒಂದೇ ಚಿತ್ರಗಳನ್ನು 12 ಗಂಟೆ ಬಿಟ್ಟು ಎರಡು ಸಲ ತೋರಿಸಿದಾಗ, ನಡುವೆ ರಾತ್ರಿ ನಿದ್ದೆ ಮಾಡಿದವರ ಅಮಿಗ್ಡಲಾ ಎರಡನೇ ಸಲ ತಣ್ಣಗಿತ್ತು. ಹಗಲೆಲ್ಲ ಎಚ್ಚರವಿದ್ದವರದು ಹಾಗೆ ತಣ್ಣಗಾಗಲಿಲ್ಲ. ಎಲ್ಲ ಪ್ರಯೋಗಗಳೂ ಈ ವಾದಕ್ಕೆ ತಲೆಯಾಡಿಸಿಲ್ಲ. ನಿದ್ದೆಯ ನಂತರವೂ ಭಾವನೆಯ ತೀವ್ರತೆ ಹಾಗೇ ಉಳಿದದ್ದನ್ನು ಕಂಡವರಿದ್ದಾರೆ. ಮರುದಿನದ ಆತಂಕ ತಗ್ಗಿಸುವುದರಲ್ಲಿ ಗಾಢ ನಿದ್ದೆಯ ಪಾಲೇ ದೊಡ್ಡದು ಎನ್ನುವ ಫಲಿತಾಂಶವೂ ಬಂದಿದೆ. ನನಗೆ ಈ ತಕರಾರು ಇಷ್ಟವೇ. ಆದರೆ ನನ್ನೆದುರು ಕೂತವರಿಗೆ ಎರಡು ಬಗೆಯ ನಿದ್ದೆಯೂ ಬೇಕು.

"ಒಂದು ಕ್ವಾರ್ಟರ್ ಹಾಕಿದ್ರೆ ಒಳ್ಳೇ ನಿದ್ದೆ ಸಾರ್" ಅನ್ನುವವರಿಗೂ ಇದೇ ಮಾತು. ಹೆಂಡ ಬೇಗ ಮಲಗಿಸುತ್ತದೆ, ನಿಜ. ಮೊದಲಾರ್ಧದ ರೆಮ್ ಅನ್ನು ತುಳಿಯುತ್ತದೆ, ಇಳಿಯುವಾಗ ಎರಡನೇ ಅರ್ಧವನ್ನು ಹರಿದು ಚಿಂದಿ ಮಾಡುತ್ತದೆ. ದುಃಖ ಮರೆಯಲು ಕುಡಿದವನಿಗೆ ಬೆಳಿಗ್ಗೆ ಅದೇ ದುಃಖ ಹೊಸದಾಗಿಯೇ ಎದುರಾಗುತ್ತದೆ.

"ಹಂಗಾದ್ರೆ ನಿದ್ದೆ ಮಾತ್ರೆ ಬರ್ಕೊಡಿ" ಅಂದರು ಗಂಡ. ಬರೆಯಲಿಲ್ಲ. ಆಕೆಗೆ ನಿದ್ದೆ ಬರದ ಕಾಯಿಲೆ ಇಲ್ಲ, ದಿಂಬಿಗೆ ತಲೆ ಕೊಟ್ಟರೆ ಸಾಕು. ಇಲ್ಲದಿರುವುದು ಹೊತ್ತು. ಖಿನ್ನತೆ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಹೇಳಿದೆ: ಹಿಟ್ಟು ಸಂಜೆಯೇ ರುಬ್ಬಿಬಿಡಿ, ಒಂಬತ್ತಕ್ಕೆ ಮಲಗಿ. ಅಷ್ಟೇ ಸಾಲದು. ರೆಮ್ ನಮ್ಮ ದೇಹದ ಗಡಿಯಾರ ನೋಡಿಕೊಂಡು ಬರುವಂಥದ್ದು, ಬೇಗ ಮಲಗಿದರೆ ಪೂರ್ತಿ ಬೇಗ ಬರುವುದಿಲ್ಲ. ವಾರಕ್ಕೆ ಮೂರು ದಿನವಾದರೂ ಆಕೆ ಆರರವರೆಗೆ ಮಲಗಲಿ, ಒಲೆ ನೀವು ಹಚ್ಚಿ.

"ಗಂಡಸ್ರು ಹಿಟ್ಟು ಹುಯ್ದ್ರೆ ಇಡ್ಲಿ ಮೆತ್ತಗೆ ಬರಲ್ಲ ಸಾರ್."

"ಗಟ್ಟಿ ಇಡ್ಲಿ ವಾಸಿನೋ, ಸೌಟಿನೇಟು ವಾಸಿನೋ?"

ಆರು ವಾರ ಕಳೆದು ಆಕೆ ಒಬ್ಬರೇ ಬಂದರು. ಸೌಟು ಎಸೆದಿರಾ ಅಂದೆ. "ಇಲ್ಲ. ಬೈದಿದ್ದೀನಿ, ಒಂದೆರಡು ಸಲ. ಅವ್ರೂ ಬೈಸ್ಕೊಳೋ ಹಂಗೇ ಇದ್ರು." ಅಳು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಯಜಮಾನರು ಯಾಕೆ ಬರಲಿಲ್ಲ ಎಂದು ಕೇಳಿದೆ.

"ಮಲಗವ್ರೆ ಸಾರ್. ಇವತ್ತು ಮೂರು ಗಂಟೆ ಸರದಿ ಅವ್ರದು. ಮಾತಾಡ್ಸಿದ್ರೆ ಸಿಡೀತಾರೆ."