ಹಳ್ಳಿಯ ಹೆಸರಲ್ಲಿ ನಡೆದ ಇಂಟರ್ನೆಟ್ ಜಗಳ: ನಿಧಿಯಿಂದ ಉಪಗ್ರಹದವರೆಗೆ

ಮೂಡಿಗೆರೆ ಕಡೆ ಈಗ ಯಾರ ಮನೆಗೆ ಹೋದರೂ ಒಂದು ಪ್ರಶ್ನೆ ಬರುತ್ತದೆ. ‘ಮನೆ ಮೇಲೆ ಡಿಶ್ ಇಟ್ಟರೆ ಆಕಾಶದಿಂದಲೇ ನೆಟ್ ಬರುತ್ತಂತೆ, ಹೌದಾ?’ ಇದು ಬರೀ ಕುತೂಹಲದ ಪ್ರಶ್ನೆ ಅಲ್ಲ. ನಮ್ಮ ಪಕ್ಕದ ತೋಟದ ಗೌಡರ ಮನೆಯಲ್ಲಿ ಫೋನ್ ಇಡೋಕೆ ಇರುವುದು ಒಂದೇ ಜಾಗ, ಅಡುಗೆಮನೆ ಕಿಟಕಿಯ ಎಡಮೂಲೆ. ಅಲ್ಲಿಂದ ಒಂದು ಗೇಣು ಈಚೆ ಬಂದರೆ ಸಿಗ್ನಲ್ ಹೋಯಿತು. ಮಾತಾಡಬೇಕಾದರೆ ಸ್ಪೀಕರ್ ಹಾಕಿ, ಕಿಟಕಿಗೆ ಮುಖ ಕೊಟ್ಟು ನಿಲ್ಲಬೇಕು. ಮನೆ ವಿಷಯ ಎಲ್ಲ ಅಂಗಳದಲ್ಲಿ ಇದ್ದವರಿಗೂ ಕೇಳುತ್ತದೆ.

ಪ್ರಶ್ನೆಗೆ ಉತ್ತರ ಸುಲಭ. ಹೌದು, ಬರುತ್ತದೆ. ಆದರೆ ಯಾವಾಗ, ಎಷ್ಟು ದುಡ್ಡಿಗೆ, ಯಾರ ಖರ್ಚಲ್ಲಿ ಅಂತ ಕೇಳಿದರೆ ಗಂಟು ಬಿಚ್ಚುತ್ತಾ ಹಿಂದಕ್ಕೆ ಹೋಗಬೇಕು. ನೆಟ್ ನ್ಯೂಟ್ರಾಲಿಟಿ, ಫ್ರೀ ಬೇಸಿಕ್ಸ್, ಫೇರ್ ಶೇರ್, ಉಪಗ್ರಹದ ತರಂಗಾಂತರ ಅಂತ ಪತ್ರಿಕೆಗಳಲ್ಲಿ ಬರುವ ಸುದ್ದಿಗಳು ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಕಾಣುತ್ತವೆ. ನನಗೆ ಇವೆಲ್ಲ ಒಂದೇ ಜಗಳದ ಬೇರೆ ಬೇರೆ ಸುತ್ತುಗಳು. ಲಾಭ ಹುಟ್ಟದ ಊರಿಗೆ ನೆಟ್ ತರುವ ಖರ್ಚು ಯಾರು ಹಾಕಬೇಕು? ಹಾಕಿದವರಿಗೆ ಅದರ ಮೇಲೆ ಎಷ್ಟು ಹಕ್ಕು?

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. 1997ರಲ್ಲಿ ಟೆಲಿಕಾಂ ಕಂಪನಿಗಳ ಮೇಲೆ ನಿಗಾ ಇಡುವ ಟ್ರಾಯ್ ಎಂಬ ಸಂಸ್ಥೆ ಬಂತು, 1999ರಲ್ಲಿ ಹೊಸ ಟೆಲಿಕಾಂ ನೀತಿ ಬಂತು, 2002ರಲ್ಲಿ ಹಳ್ಳಿಗಳ ಫೋನ್‌ಗಾಗಿ ಒಂದು ನಿಧಿ ಶುರುವಾಯಿತು. ಈ ನಿಧಿಯನ್ನು ನೆನಪಲ್ಲಿ ಇಟ್ಟುಕೊಳ್ಳಿ, ಕಥೆಯ ಕೊನೆಯಲ್ಲಿ ಮತ್ತೆ ಬರುತ್ತದೆ. ಇಂಗ್ಲಿಷ್‌ನ ಉದ್ದ ಹೆಸರನ್ನು ಚಿಕ್ಕದು ಮಾಡಿ ಯುಎಸ್ಒ ಫಂಡ್ ಅನ್ನುತ್ತಿದ್ದರು. ಟೆಲಿಕಾಂ ಕಂಪನಿಗಳು ತಮ್ಮ ಆದಾಯದ ಲೆಕ್ಕದಲ್ಲಿ ಶೇ 5ರಷ್ಟನ್ನು ಇದಕ್ಕೆ ಕೊಡಬೇಕು. ಕಂಪನಿ ಕೊಡುತ್ತದೆ ಅಂದರೂ ಅದು ನಮ್ಮ ರೀಚಾರ್ಜ್‌ನಿಂದಲೇ ಹೋಗುವ ದುಡ್ಡು ಅಲ್ವಾ? ಅಂದರೆ ಹಳ್ಳಿಗೆ ಫೋನು, ನೆಟ್ಟು ತರಲು ದೇಶದ ಪ್ರತಿಯೊಬ್ಬ ಗ್ರಾಹಕ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ದುಡ್ಡು ಕಟ್ಟುತ್ತಾ ಬಂದಿದ್ದಾನೆ. ಅದರಲ್ಲಿ ಹತ್ತಾರು ಸಾವಿರ ಕೋಟಿ ರೂಪಾಯಿ ವರ್ಷಗಟ್ಟಲೆ ಖರ್ಚಾಗದೆ ಉಳಿದಿತ್ತು.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಇದೇ ನಿಧಿಯಿಂದ ದೊಡ್ಡ ಕೆಲಸವೊಂದಕ್ಕೆ ಒಪ್ಪಿಗೆ ಕೊಟ್ಟಿತು. ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಕೇಬಲ್ ಎಳೆಯುವುದು. ಅಂದಾಜು 20 ಸಾವಿರ ಕೋಟಿ ರೂಪಾಯಿ, ಎರಡು ವರ್ಷದ ಗಡುವು. ಗಡುವು ಮುಗಿದರೂ ಕೆಲಸ ಮುಗಿಯಲಿಲ್ಲ. ಆಮೇಲೆ ಯೋಜನೆಗೆ ಭಾರತ್‌ನೆಟ್ ಅಂತ ಹೆಸರಿಟ್ಟರು. ಒಂದು ಲಕ್ಷ ಪಂಚಾಯಿತಿಗಳ ಮೊದಲ ಹಂತ ಮುಗಿದಿದ್ದು 2017ರ ಡಿಸೆಂಬರ್ ಹೊತ್ತಿಗೆ.

ಮಲೆನಾಡಿನಲ್ಲಿ ಇದು ಯಾಕೆ ಇಷ್ಟು ಕಷ್ಟ ಅಂತ ಬಯಲುಸೀಮೆಯವರು ಕೇಳುತ್ತಾರೆ. ಮೊಬೈಲ್ ಸಿಗ್ನಲ್ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ. ಗುಡ್ಡ ಅಡ್ಡ ಬಂದರೆ ಅದರ ಆಚೆ ನೆರಳು. ನಮ್ಮ ಮನೆಗಳು ಇರುವುದೇ ಗುಡ್ಡದ ಬುಡದಲ್ಲಿ, ಗದ್ದೆಯ ಅಂಚಲ್ಲಿ, ನೀರು ಹತ್ತಿರ ಸಿಗುವ ಕಡೆ. ಅದರ ಮೇಲೆ ತೋಟದ ನೆರಳು ಮರಗಳು. ಒದ್ದೆ ಎಲೆ ಸಿಗ್ನಲ್ಲನ್ನು ಇನ್ನೂ ನುಂಗುತ್ತದೆ. ಹಾಸನದ ಪೂರ್ವದ ಬಯಲಲ್ಲಿ ಒಂದು ಟವರ್ ಎಷ್ಟೋ ಊರುಗಳಿಗೆ ಆಗುತ್ತದೆ. ಸಕಲೇಶಪುರ ದಾಟಿ ಘಾಟಿಯ ಅಂಚಿಗೆ ಬಂದರೆ ಅದೇ ಟವರ್ ಒಂದು ಕಣಿವೆಗೆ ಸಾಲುವುದಿಲ್ಲ. ಆ ಕಣಿವೆಯಲ್ಲಿ ಇರುವುದು ಹದಿನೈದೋ ಇಪ್ಪತ್ತೋ ಮನೆ. ಅರಣ್ಯದ ಜಾಗವಾದರೆ ಬೇರೆ ಅನುಮತಿ ಬೇಕು. ಜುಲೈ ತಿಂಗಳಲ್ಲಿ ಮರ ಬಿದ್ದು ಕರೆಂಟ್ ಹೋದರೆ ಮೂರು ದಿನ, ನಾಲ್ಕು ದಿನ. ಟವರ್‌ನ ಬ್ಯಾಟರಿ ಅಷ್ಟು ಹೊತ್ತು ನಿಲ್ಲಲ್ಲ, ಡೀಸೆಲ್ ಹೊತ್ತುಕೊಂಡು ಹೋಗಲು ರಸ್ತೆ ಇರಲ್ಲ. ಯಾವ ಕಂಪನಿ ಲೆಕ್ಕ ಹಾಕಿದರೂ ಕಾಗದದ ಮೇಲೆ ನಷ್ಟವೇ ಕಾಣುತ್ತದೆ. ನಿಧಿ ಮಾಡಿದ್ದು ಇಂಥ ಜಾಗಕ್ಕೇ.

2014ರ ಕೊನೆಯಿಂದ 2016ರ ಆರಂಭದವರೆಗಿನ ಹದಿನಾಲ್ಕು ತಿಂಗಳು ನನಗೆ ಚೆನ್ನಾಗಿ ನೆನಪಿದೆ. ಇವತ್ತಿನ ಎಲ್ಲ ವಾದಗಳೂ ಹುಟ್ಟಿದ್ದು ಆಗಲೇ.

2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್, ಇಂಟರ್ನೆಟ್ ಮೂಲಕ ಮಾಡುವ ಕರೆಗಳಿಗೆ ಬೇರೆ ದರ ಹಾಕುವುದಾಗಿ ಹೇಳಿತು. ಜನ ಸಿಟ್ಟಾದರು. ಕೆಲವೇ ದಿನಗಳಲ್ಲಿ ಆ ಯೋಚನೆ ವಾಪಸ್ ಹೋಯಿತು. ಕಂಪನಿಗಳ ತಕರಾರಿನಲ್ಲಿ ಒಂದು ನ್ಯಾಯ ಇತ್ತು ಅನ್ನುವುದನ್ನೂ ಹೇಳಬೇಕು. ಸಿಗ್ನಲ್ ಸಾಗಲು ಬೇಕಾದ ತರಂಗಾಂತರಕ್ಕೆ ಹರಾಜಿನಲ್ಲಿ ದುಡ್ಡು ಸುರಿದವರು ಅವರು, ಟವರ್ ಕಟ್ಟಿದವರು ಅವರು. ಅದೇ ದಾರಿಯಲ್ಲಿ ವಾಟ್ಸಾಪ್, ಸ್ಕೈಪ್ ಬಂದು ಅವರ ಕರೆ ಮತ್ತು ಎಸ್ಸೆಮ್ಮೆಸ್ ವ್ಯಾಪಾರವನ್ನೇ ತಿನ್ನುತ್ತಿದ್ದವು. ಇಂಥ ಸೇವೆಗಳಿಗೆ ನಿಯಮ ಬೇಕಾ ಅಂತ ಅಭಿಪ್ರಾಯ ಕೇಳಿ 2015ರ ಮಾರ್ಚ್ 27ರಂದು ಟ್ರಾಯ್ ಒಂದು ಸಮಾಲೋಚನಾ ಪತ್ರ ಹೊರಡಿಸಿತು. 118 ಪುಟ, 20 ಪ್ರಶ್ನೆ. ಅದಕ್ಕೆ ಹತ್ತು ಲಕ್ಷಕ್ಕೂ ಜಾಸ್ತಿ ಇಮೇಲ್ ಹೋದವು. ಅದರಲ್ಲಿ ನನ್ನದೂ ಒಂದು. ಮನೆಯಲ್ಲಿ ನೆಟ್ ಇರಲಿಲ್ಲ. ಬಸ್ ಹತ್ತಿ ಮೂಡಿಗೆರೆಗೆ ಹೋಗಿ, ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯಲ್ಲಿ ಕೂತು ಕಳಿಸಿದೆ. ಹೋಗಿಬರಲು ಅರ್ಧ ದಿನ ಹಿಡಿಯಿತು.

ಆ ಇಮೇಲ್‌ಗಳು ಕೇಳಿದ್ದು ನೆಟ್ ನ್ಯೂಟ್ರಾಲಿಟಿ. ಈ ಮಾತನ್ನು 2003ರಲ್ಲಿ ಚಲಾವಣೆಗೆ ತಂದವರು ಟಿಮ್ ವು ಎಂಬ ಅಮೆರಿಕದ ಕಾನೂನು ಪ್ರಾಧ್ಯಾಪಕರು. ಅರ್ಥ ಸರಳ. ದಾರಿ ಹಾಕಿದವರು ದಾರಿಗೆ ದುಡ್ಡು ಕೇಳಬಹುದು, ಆದರೆ ದಾರಿಯಲ್ಲಿ ಹೋಗುವವರು ಯಾವ ಅಂಗಡಿಗೆ ಹೋಗುತ್ತಾರೆ ಅಂತ ನೋಡಿ ಬೇರೆ ಬೇರೆ ದರ ಹಾಕಬಾರದು, ಯಾರನ್ನೂ ತಡೆಯಬಾರದು.

2015ರಲ್ಲೇ ಫೇಸ್‌ಬುಕ್ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ಸೇರಿ ಇಂಟರ್ನೆಟ್ ಡಾಟ್ ಆರ್ಗ್ ತಂದಿತ್ತು. ಸೆಪ್ಟೆಂಬರ್‌ನಲ್ಲಿ ಅದಕ್ಕೆ ಫ್ರೀ ಬೇಸಿಕ್ಸ್ ಅಂತ ಹೊಸ ಹೆಸರು ಬಂತು. ಡೇಟಾ ಪ್ಯಾಕ್ ಇಲ್ಲದಿದ್ದರೂ ಪಟ್ಟಿಯಲ್ಲಿರುವ ಕೆಲವು ತಾಣಗಳನ್ನು ಫ್ರೀಯಾಗಿ ನೋಡಬಹುದು. ಡಿಸೆಂಬರ್ ಬಂದಾಗ ಪೂರ್ತಿ ಪುಟದ ಜಾಹೀರಾತುಗಳು, ಹೋರ್ಡಿಂಗ್‌ಗಳು, ಬೆಂಬಲಿಸಲು ಮಿಸ್ಡ್ ಕಾಲ್. ಜುಕರ್‌ಬರ್ಗ್ ಪತ್ರಿಕೆಗೆ ಬರೆದ ಲೇಖನದಲ್ಲಿ ಮಹಾರಾಷ್ಟ್ರದ ಒಬ್ಬ ರೈತ ಈ ಸೇವೆಯಿಂದ ಹವಾಮಾನ ತಿಳಿದುಕೊಂಡ ಕಥೆ ಇತ್ತು.

ನಮ್ಮ ಕಡೆ ಆಗ ಕಾಫಿ ಕೊಯ್ಲು ನಡೀತಿತ್ತು. ಜನ ಆ ಜಾಹೀರಾತನ್ನು ಕಣದಲ್ಲಿ ಕೂತು ಓದಿದರು. ‘ಫ್ರೀ ಕೊಡ್ತಾರೆ ಅಂದ್ರೆ ಬೇಡ ಅನ್ನೋರು ಯಾರು? ನಿಮಗೆ ಏನಾಗಿದೆ?’ ಅಂತ ನನ್ನ ಚಿಕ್ಕಪ್ಪ ಕೇಳಿದರು. ಅವರ ಪ್ರಶ್ನೆ ಸರಿಯಾಗಿತ್ತು. ಸುಮ್ನೆ ‘ತತ್ವ’ ಅಂದರೆ ಅದಕ್ಕೆ ಉತ್ತರ ಆಗುತ್ತಿರಲಿಲ್ಲ. ನಾನು ಹೇಳಿದ್ದು ಹೀಗೆ: ಸಂತೆಗೆ ಫ್ರೀ ಬಸ್ ಬಿಟ್ಟಿದ್ದಾರೆ ಅಂದುಕೊಳ್ಳಿ. ಆದರೆ ಅದು ನಿಲ್ಲುವುದು ಅವರು ಆರಿಸಿದ ನಾಲ್ಕು ಅಂಗಡಿ ಮುಂದೆ ಮಾತ್ರ. ಪಕ್ಕದ ಸಾಲಿನಲ್ಲಿ ಮೆಣಸಿಗೆ ಒಳ್ಳೆ ರೇಟು ಇದ್ದರೂ ಅದು ನಮ್ಮ ಕಣ್ಣಿಗೇ ಬೀಳಲ್ಲ. ನಾಲ್ಕು ವರ್ಷ ಆ ಬಸ್ಸಲ್ಲೇ ಓಡಾಡಿದವರು ಅಷ್ಟೇ ಸಂತೆ ಅಂದುಕೊಳ್ಳುತ್ತಾರೆ.

ಬೆಳೆಗಾರರಿಗೆ ಇದು ದೂರದ ಉಪಮೆ ಅಲ್ಲ. ರೊಬಸ್ಟಾ ಕಾಫಿಯ ದರ ಲಂಡನ್ ಮಾರುಕಟ್ಟೆ ನೋಡಿಕೊಂಡು ಏರಿಳಿಯುತ್ತದೆ, ಅರೇಬಿಕಾ ನ್ಯೂಯಾರ್ಕ್ ನೋಡಿಕೊಂಡು. ಚೆರಿ ಕೊಡಬೇಕಾ, ಇನ್ನೂ ಹದಿನೈದು ದಿನ ಕಾಯಬೇಕಾ ಅಂತ ತೀರ್ಮಾನ ಮಾಡಲು ಆ ದಿನದ ದರ ಬೇಕು. ಹೂಮಳೆ ಬರುತ್ತಾ, ಇಲ್ಲ ಸ್ಪ್ರಿಂಕ್ಲರ್ ಹಾಕಬೇಕಾ ಅಂತ ತಿಳಿಯಲು ಹವಾಮಾನ ಬೇಕು. ಎಲೆಯ ರೋಗದ ಬಗ್ಗೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಏನು ಹೇಳುತ್ತದೆ ಅಂತ ನೋಡಬೇಕು. ಇವುಗಳಲ್ಲಿ ಯಾವುದು ಫ್ರೀ ಪಟ್ಟಿಯಲ್ಲಿ ಇರಬೇಕು ಅನ್ನುವುದನ್ನು ಬೆಳೆಗಾರ ಆರಿಸುವ ಹಾಗಿರಲಿಲ್ಲ. ನನಗೆ ನೋವಾಗಿದ್ದು ಅಲ್ಲಿ.

2016ರ ಫೆಬ್ರವರಿ 8ರಂದು ಟ್ರಾಯ್ ತೀರ್ಮಾನ ಕೊಟ್ಟಿತು. ಯಾವ ತಾಣ ನೋಡುತ್ತೀರಿ ಅನ್ನುವುದರ ಮೇಲೆ ಡೇಟಾಕ್ಕೆ ಬೇರೆ ಬೇರೆ ದರ ಹಾಕುವಂತಿಲ್ಲ. ತಪ್ಪಿದರೆ ದಿನಕ್ಕೆ 50 ಸಾವಿರ ರೂಪಾಯಿ ದಂಡ, ಹೆಚ್ಚೆಂದರೆ 50 ಲಕ್ಷ. ತುರ್ತು ಸಂದರ್ಭದ ಸೇವೆಗಳಿಗೆ ಮಾತ್ರ ವಿನಾಯಿತಿ. ಅಚ್ಚು ಒತ್ತಿದ ಹಾಗೆ ಬಂದಿದ್ದ ಲಕ್ಷಾಂತರ ಬೆಂಬಲ ಪತ್ರಗಳು ತಾನು ಡಿಸೆಂಬರ್‌ನ ಇನ್ನೊಂದು ಪತ್ರದಲ್ಲಿ ಕೇಳಿದ್ದ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಟ್ಟಿಲ್ಲ ಅಂತ ಟ್ರಾಯ್ ಹೇಳಿತ್ತು. ಫ್ರೀ ಬೇಸಿಕ್ಸ್ ಭಾರತದಿಂದ ಹೊರಟಿತು.

ಆ ತೀರ್ಮಾನ ಸರಿ ಅಂತ ನಾನು ಇವತ್ತಿಗೂ ನಂಬುತ್ತೇನೆ. ಆದರೆ ಅದರ ಜೊತೆ ಒಂದು ಮಾತು ಇತ್ತು. ಹಳ್ಳಿಯವರಿಗೆ ಅರ್ಧ ನೆಟ್ ಬೇಡ, ಪೂರ್ತಿ ನೆಟ್ಟನ್ನೇ ಬೇರೆ ದಾರಿಯಲ್ಲಿ ತಲುಪಿಸೋಣ ಅಂತ ನಮ್ಮ ಕಡೆಯ ವಾದ ಮಾಡಿದವರೆಲ್ಲ ಹೇಳಿದ್ದೆವು. ಮೊದಲ ಅರ್ಧಕ್ಕೆ ಲಕ್ಷ ಲಕ್ಷ ಜನ ಇಮೇಲ್ ಕಳಿಸಿದರು. ಎರಡನೆಯ ಅರ್ಧಕ್ಕೆ ಅಂಥ ಕೂಗು ಮತ್ತೆ ಏಳಲಿಲ್ಲ.

ಏಳದೇ ಇರಲು ಒಂದು ಕಾರಣವೂ ಇತ್ತು. ಅದೇ ವರ್ಷ ಸೆಪ್ಟೆಂಬರ್ 5ರಂದು ಜಿಯೋ ಬಂತು. 2014ರಲ್ಲಿ ಒಂದು ಜಿಬಿಗೆ ಸರಾಸರಿ 270 ರೂಪಾಯಿ ಆಸುಪಾಸು ಇದ್ದ ದರ 2018ರ ಹೊತ್ತಿಗೆ 12 ರೂಪಾಯಿಗೆ ಇಳಿಯಿತು. ಪೇಟೆಯವರಿಗೆ ಜಗಳವೇ ಮುಗಿದ ಹಾಗೆ ಕಂಡಿತು. 2018ರ ಜುಲೈನಲ್ಲಿ ಸರ್ಕಾರ ನೆಟ್ ನ್ಯೂಟ್ರಾಲಿಟಿ ನಿಯಮಗಳನ್ನು ಒಪ್ಪಿಕೊಂಡಿತು. ಅಮೆರಿಕದಲ್ಲಿ ಇದೇ ನಿಯಮ 2015ರಲ್ಲಿ ಬಂತು, 2017ರಲ್ಲಿ ಹೋಯಿತು, 2024ರಲ್ಲಿ ಮತ್ತೆ ಬಂತು, 2025ರ ಜನವರಿಯಲ್ಲಿ ಕೋರ್ಟಿನಲ್ಲಿ ಬಿದ್ದುಹೋಯಿತು.

ಆದರೆ ಅಗ್ಗದ ಡೇಟಾ ಸಿಗುವುದು ಸಿಗ್ನಲ್ ಇದ್ದವರಿಗೆ. 2020ರ ಮಳೆಗಾಲದಲ್ಲಿ ಶಾಲೆಗಳು ಮುಚ್ಚಿ ಆನ್‌ಲೈನ್ ಪಾಠ ಶುರುವಾದಾಗ ಅದು ಎಲ್ಲರಿಗೂ ಗೊತ್ತಾಯಿತು. ನನ್ನ ಅಣ್ಣನ ಮಗಳು ಆಗ ಒಂಬತ್ತನೇ ಕ್ಲಾಸು. ದಿನಾ ಬೆಳಿಗ್ಗೆ ಮನೆ ಹಿಂದಿನ ಗುಡ್ಡ ಹತ್ತುತ್ತಿದ್ದಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫೋನ್. ಪಾಠ ಮುಗಿಸಿ ಬಂದ ಮೇಲೆ ಕಾಲಿನಿಂದ ಉಂಬಳ ಕೀಳುವುದು ಒಂದು ಕೆಲಸ. ಅಷ್ಟು ಮಾಡಿದರೂ ಟೀಚರ್ ಮುಖ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ ತುಂಡು ತುಂಡಾಗಿ ಬರುತ್ತಿತ್ತು.

ಸಕಲೇಶಪುರ, ಆಲೂರು ಕಡೆಯವರಿಗೆ ಇನ್ನೊಂದು ಭಯ ಇದೆ. ಆನೆ ಎಲ್ಲಿದೆ ಅನ್ನುವ ಎಚ್ಚರಿಕೆ ಅಲ್ಲಿ ಮೊಬೈಲಿಗೆ ಬರುತ್ತದೆ. ಹಿಂಡು ಬೆಳಿಗ್ಗೆ ಯಾವ ತೋಟದಲ್ಲಿ ಇತ್ತು ಅನ್ನುವ ಮೆಸೇಜು ಸಂಜೆ ಸಿಗ್ನಲ್ ಇರುವ ತಿರುವಿಗೆ ಬಂದಾಗ ತಲುಪಿದರೆ ಅದರಿಂದ ಯಾರಿಗೆ ಏನು ಉಪಯೋಗ? ಕೆಲಸಕ್ಕೆ ಹೋದ ಹೆಣ್ಣುಮಕ್ಕಳು ಅಷ್ಟು ಹೊತ್ತಿಗೆ ಅದೇ ತೋಟ ದಾಟಿ ಬಂದಿರುತ್ತಾರೆ.

ಈ ನಡುವೆ ಹೊಸ ದುಡ್ಡು ಬಂದಿದೆ. 2022ರ ಜುಲೈನಲ್ಲಿ ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ, 2023ರ ಆಗಸ್ಟ್‌ನಲ್ಲಿ ಭಾರತ್‌ನೆಟ್‌ನ ಹೊಸ ರೂಪಕ್ಕೆ 1,39,579 ಕೋಟಿ ರೂಪಾಯಿ. ಅದೇ ವರ್ಷದ ಟೆಲಿಕಾಂ ಕಾಯ್ದೆ ಹಳೆಯ ನಿಧಿಗೆ ಡಿಜಿಟಲ್ ಭಾರತ್ ನಿಧಿ ಅಂತ ಹೆಸರು ಬದಲಿಸಿತು.

ಸರಿಸುಮಾರು ಆಗಲೇ ‘ಫೇರ್ ಶೇರ್’ ವಾದವೂ ಜೋರಾಯಿತು. ನೆಟ್‌ವರ್ಕ್ ತುಂಬುವುದೇ ವಿಡಿಯೊದಿಂದ, ಹಾಗಾಗಿ ವಿಡಿಯೊ ಕಳಿಸುವ ದೊಡ್ಡ ಕಂಪನಿಗಳೂ ಖರ್ಚಿನಲ್ಲಿ ಪಾಲು ಕೊಡಲಿ ಅಂತ ಟೆಲಿಕಾಂ ಕಂಪನಿಗಳ ಸಂಘ ಕೇಳಿತು. ಇಲ್ಲೂ ಹಳ್ಳಿಯ ಹೆಸರೇ ಮುಂದೆ. ಕೇಳಲು ನ್ಯಾಯ ಅನ್ನಿಸುತ್ತದೆ. ಆದರೆ ನಾನು ವಿಡಿಯೊ ನೋಡುವುದು ನಾನೇ ರೀಚಾರ್ಜ್ ಮಾಡಿಸಿದ ಡೇಟಾದಲ್ಲಿ. ಶಿರಾಡಿ ಘಾಟಿ ಇಳಿಯುವ ಕಾಫಿ ಲಾರಿ ಟೋಲ್ ಕಟ್ಟಿದ ಮೇಲೆ, ಕಾಫಿ ಬೆಳೆದವನೂ ರಸ್ತೆಗೆ ಇನ್ನೊಮ್ಮೆ ಕೊಡಲಿ ಅಂದ ಹಾಗೆ ಆಗುತ್ತದೆ. ದಕ್ಷಿಣ ಕೊರಿಯಾದಲ್ಲಿ ಕಳಿಸುವವರು ದುಡ್ಡು ಕೊಡುವ ಪದ್ಧತಿ ಇದೆ. ಅಲ್ಲಿನ ನೆಟ್‌ವರ್ಕ್ ಖರ್ಚು ತಡೆಯಲು ಆಗುತ್ತಿಲ್ಲ ಅಂತ ಟ್ವಿಚ್ ಎಂಬ ವಿಡಿಯೊ ತಾಣ 2024ರ ಫೆಬ್ರವರಿಯಲ್ಲಿ ಆ ದೇಶವನ್ನೇ ಬಿಟ್ಟಿತು.

ಈಗ ಉಪಗ್ರಹ. ಹಾಸನದವರಿಗೆ ಇದು ಹೊಸ ಮಾತಲ್ಲ. ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದಲ್ಲಿ 1982ರಿಂದ ದೇಶದ ಸಂಪರ್ಕ ಉಪಗ್ರಹಗಳನ್ನು ನೋಡಿಕೊಳ್ಳುತ್ತಾರೆ. ಅವು ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿರುತ್ತವೆ. ಅಷ್ಟು ದೂರ ಹೋಗಿಬರಲು ಸಿಗ್ನಲ್‌ಗೆ ಹೊತ್ತು ಹಿಡಿಯುತ್ತದೆ, ಮಾತಿನ ನಡುವೆ ತಡ ಗೊತ್ತಾಗುತ್ತದೆ. ಅಮೆರಿಕದ ಸ್ಟಾರ್‌ಲಿಂಕ್ ಕಂಪನಿಯಂಥವರ ಹೊಸ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ತಡ ಕಡಿಮೆ, ಆದರೆ ಉಪಗ್ರಹ ಸಾವಿರಗಟ್ಟಲೆ ಬೇಕು. 2021ರಲ್ಲಿ ಪರವಾನಗಿ ಇಲ್ಲದೆ ಗ್ರಾಹಕರಿಂದ ಮುಂಗಡ ತೆಗೆದುಕೊಂಡಿದ್ದ ಸ್ಟಾರ್‌ಲಿಂಕ್ ಅದನ್ನು ವಾಪಸ್ ಕೊಡಬೇಕಾಯಿತು. ಆಮೇಲೆ ತರಂಗಾಂತರ ಹರಾಜು ಹಾಕಬೇಕಾ, ನೇರವಾಗಿ ಹಂಚಬೇಕಾ ಅನ್ನುವ ಜಗಳ. ನಾವು ಹರಾಜಿನಲ್ಲಿ ಕೊಂಡಿದ್ದೇವೆ, ಅವರಿಗೆ ಮಾತ್ರ ಯಾಕೆ ಸಲೀಸು ಅಂತ ನೆಲದ ಕಂಪನಿಗಳು ಕೇಳಿದವು. 2023ರ ಕಾಯ್ದೆ ನೇರ ಹಂಚಿಕೆಯ ಕಡೆ ನಿಂತಿತು. 2025ರ ಮಾರ್ಚ್‌ನಲ್ಲಿ ಏರ್‌ಟೆಲ್, ಮಾರನೇ ದಿನವೇ ಜಿಯೋ, ಅದೇ ಸ್ಟಾರ್‌ಲಿಂಕ್ ಜೊತೆ ಒಪ್ಪಂದ ಮಾಡಿಕೊಂಡವು. ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೆ ಪರವಾನಗಿ ಸಿಕ್ಕಿತು.

2025ರ ಮೇ ತಿಂಗಳಲ್ಲಿ ಟ್ರಾಯ್ ಕೊಟ್ಟ ಶಿಫಾರಸಿನಲ್ಲಿ, ಉಪಗ್ರಹ ಕಂಪನಿಗಳು ತರಂಗಾಂತರಕ್ಕೆ ಕಟ್ಟಬೇಕಾದ ಶುಲ್ಕ ಆದಾಯದ ಶೇ 4. ನಗರದ ಪ್ರತಿ ಗ್ರಾಹಕನ ಲೆಕ್ಕಕ್ಕೆ ವರ್ಷಕ್ಕೆ 500 ರೂಪಾಯಿ ಜಾಸ್ತಿ, ಹಳ್ಳಿಗೆ ಅದು ಇಲ್ಲ. ಸೇವೆ ಇಲ್ಲದ ಕಡೆ ಡಿಶ್ ಕೊಳ್ಳುವವರಿಗೆ ಡಿಜಿಟಲ್ ಭಾರತ್ ನಿಧಿಯಿಂದ ಸಬ್ಸಿಡಿ ಕೊಡುವ ಬಗ್ಗೆ ಸರ್ಕಾರ ಯೋಚಿಸಬಹುದು ಅಂತಲೂ ಅದರಲ್ಲಿದೆ. 2002ರ ಅದೇ ನಿಧಿ.

ಇದನ್ನೆಲ್ಲ ಗೌಡರಿಗೆ ಹೇಳಿದೆ. ಡಿಶ್‌ಗೆ ಮರ ಅಡ್ಡ ಬರಬಾರದು, ಆಕಾಶ ಬಿಚ್ಚಿಕೊಂಡು ಕಾಣಬೇಕು ಅಂತಲೂ ಹೇಳಿದೆ. ಮನೆ ಸುತ್ತ ಸಿಲ್ವರ್ ಓಕ್. ಬಯಲು ಅಂತ ಇರುವುದು ಕಾಫಿ ಒಣಗಿಸುವ ಕಣ ಒಂದೇ. ಅವರು ಕಣದ ಮೂಲೆಗೆ ಹೋಗಿ ನಿಂತು ಮೇಲೆ ನೋಡಿದರು. ‘ಕಂಬ ಇಲ್ಲಿ ನೆಡಬಹುದು. ಆ ಸಬ್ಸಿಡಿಗೆ ಅರ್ಜಿ ಎಲ್ಲಿ ಕೊಡ್ಬೇಕು?’ ಅಂದರು. ಅವರಿಗೆ ಹೇಳಲು ನನ್ನ ಹತ್ತಿರ ಯಾವ ಕಚೇರಿಯ ಹೆಸರೂ ಇರಲಿಲ್ಲ.