ಏರ್ ಫಿಲ್ಟರ್‌ಗೆ ಗಾಳಿ ಹೊಡೆಸಿದರೆ ಸಾಕಾ, ಹೊಸದೇ ಹಾಕಬೇಕಾ?

ಪ್ರಶ್ನೆ: ನನ್ನದು ನೂರು ಸಿಸಿ ಬೈಕ್, ಐದು ವರ್ಷ ಆಯ್ತು. ದಿನಾ ಭೀಮಸಮುದ್ರದಿಂದ ಚಿತ್ರದುರ್ಗಕ್ಕೆ ಓಡಾಡುತ್ತೇನೆ. ಪ್ರತಿ ಸರ್ವೀಸಿನಲ್ಲೂ ಏರ್ ಫಿಲ್ಟರ್‌ಗೆ ಗಾಳಿ ಹೊಡೆದು ಹಾಕುತ್ತಾರೆ. ಆದರೂ ಈಚೆಗೆ ಪಿಕಪ್ ಇಲ್ಲ. ಸೋಪು ನೀರಲ್ಲಿ ತೊಳೆದು ಹಾಕಿದರೆ ಸರಿ ಹೋಗುತ್ತಾ?

ಉತ್ತರ: ತೊಳೆಯುವ ಮೊದಲು ಸೈಡ್ ಕವರ್ ಬಿಚ್ಚಿ ಫಿಲ್ಟರ್ ಹೊರಗೆ ತೆಗೆಯಿರಿ. ಮಡಿಕೆಗಳ ಸಂದಿಯಲ್ಲಿ ಬೆರಳು ಆಡಿಸಿ. ಬೆರಳಿಗೆ ಜಿಡ್ಡು ಹತ್ತಿದರೆ ಅದು ಎಣ್ಣೆ ಹಿಡಿಸಿದ ಪೇಪರ್ ಫಿಲ್ಟರ್. ಅದನ್ನು ತೊಳೆಯುವ ಹಾಗಿಲ್ಲ, ಗಾಳಿ ಹೊಡೆಸುವ ಹಾಗೂ ಇಲ್ಲ. ಹೊಸದೇ ಹಾಕಬೇಕು. ಈಗಿನ ಬಹಳಷ್ಟು ಬೈಕುಗಳಲ್ಲಿ ಬರುವುದು ಇದೇ. ನಿಮ್ಮದೂ ಇದೇ ಇರುವ ಸಾಧ್ಯತೆ ಜಾಸ್ತಿ.

ಈ ಫಿಲ್ಟರ್‌ನಲ್ಲಿ ಧೂಳು ಹಿಡಿಯುವುದು ಆ ಜಿಡ್ಡೇ. ಸೋಪು ಹಾಕಿದರೆ ಜಿಡ್ಡು ಹೋಗುತ್ತದೆ, ಪೇಪರೂ ಮೆತ್ತಗಾಗಿ ಸೊಟ್ಟಗಾಗುತ್ತದೆ. ಕಂಪ್ರೆಸರ್ ಗಾಳಿ ಇನ್ನೂ ಕೆಟ್ಟದ್ದು. ಜೋರಾಗಿ ಹೊಡೆದರೆ ಪೇಪರಿನಲ್ಲಿ ಸೂಜಿ ಮೊನೆಯಷ್ಟು ತೂತು ಬೀಳುತ್ತವೆ. ನೋಡಲು ಫಿಲ್ಟರ್ ಸ್ವಚ್ಛವಾಗಿ ಕಾಣುತ್ತದೆ, ಬೈಕೂ ಹಗುರವಾಗಿ ಓಡುತ್ತದೆ. ಆದರೆ ಧೂಳು ಸೀದಾ ಇಂಜಿನ್ ಒಳಗೆ ಹೋಗುತ್ತಿರುತ್ತದೆ. ಕಟ್ಟಿಕೊಂಡ ಫಿಲ್ಟರ್‌ಗಿಂತ ತೂತುಬಿದ್ದ ಫಿಲ್ಟರ್‌ಗೇ ನಾನು ಹೆಚ್ಚು ಹೆದರುತ್ತೇನೆ. ಮೊದಲನೆಯದರಿಂದ ಪಿಕಪ್ ಹೋಗುತ್ತದೆ ಅಷ್ಟೆ, ಫಿಲ್ಟರ್ ಬದಲಿಸಿದರೆ ವಾಪಸ್ ಬರುತ್ತದೆ. ಎರಡನೆಯದರಿಂದ ಪಿಸ್ಟನ್ ರಿಂಗು, ಬೋರು (ಪಿಸ್ಟನ್ ಓಡಾಡುವ ಕೊಳವೆಯ ಒಳಮೈ) ಸವೆಯುತ್ತವೆ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ, ಇಂಜಿನ್ ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ. ಫಿಲ್ಟರ್‌ಗೆ ಕೆಲವು ನೂರು ರೂಪಾಯಿ ಆದರೆ, ಇಂಜಿನ್ ಬಿಚ್ಚಿಸುವ ಕೆಲಸಕ್ಕೆ ಸಾವಿರಗಟ್ಟಲೆ.

ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಬೇಸಿಗೆಯಲ್ಲಿ ಊರಿಗೆ ನೀರು ತರುವ ಟ್ರ್ಯಾಕ್ಟರ್ ಟ್ಯಾಂಕರ್ ಇದೆಯಲ್ಲ, ಹೆಚ್ಚುಕಡಿಮೆ ಅಂಥ ಎರಡು ಟ್ಯಾಂಕರ್ ತುಂಬುವಷ್ಟು. ಅಷ್ಟೂ ಗಾಳಿ ನಿಮ್ಮ ಅಂಗೈ ಅಗಲದ ಈ ಫಿಲ್ಟರ್ ಮೂಲಕವೇ ಹೋಗಬೇಕು. ಅದಿರು ಲಾರಿ ಹಿಂದೆ ಕೆಂಪು ಧೂಳಿನಲ್ಲಿ ಹೋಗುವಾಗಲೂ ಅಷ್ಟೇ.

ನಿಮ್ಮ ಬೈಕಿಗೆ ಐದು ವರ್ಷ ಅಂದರೆ ಅದು ಬಿಎಸ್6 (ಹೊಗೆ ನಿಯಂತ್ರಣದ ಸರ್ಕಾರಿ ಮಟ್ಟ), ಬಹುತೇಕ ಇಂಜೆಕ್ಷನ್ ಬಂಡಿ, ಅಂದರೆ ಸೆನ್ಸರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವಂಥದ್ದು. ಹಳೇ ಕಾರ್ಬುರೇಟರ್ ಬಂಡಿಯಲ್ಲಿ ಫಿಲ್ಟರ್ ಕಟ್ಟಿದರೆ ಕಪ್ಪು ಹೊಗೆ ಬರುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ, ಮೈಲೇಜ್ ಬೀಳುತ್ತದೆ. ಬೇಗ ಗೊತ್ತಾಗುತ್ತದೆ. ಇಂಜೆಕ್ಷನ್ ಬಂಡಿಯಲ್ಲಿ ಗಾಳಿ ಕಡಿಮೆಯಾದರೆ ಸೆನ್ಸರ್‌ಗಳು ಪೆಟ್ರೋಲನ್ನೂ ಕಡಿಮೆ ಮಾಡುತ್ತವೆ. ಹಾಗಾಗಿ ಹೊಗೆ ಕಾಣುವುದಿಲ್ಲ, ಪಿಕಪ್ ಮಾತ್ರ ಸುಮ್ನೆ ಕುಗ್ಗುತ್ತಾ ಹೋಗುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತಿಸುವಾಗ ಎದ್ದು ಕಾಣುತ್ತದೆ.

ಎಲ್ಲ ಫಿಲ್ಟರೂ ಹೀಗೆ ಅಲ್ಲ. ಜಿಡ್ಡಿಲ್ಲದ ಒಣ ಪೇಪರ್ ಆದರೆ ಮೆಲ್ಲಗೆ ತಟ್ಟಿ ಧೂಳು ಉದುರಿಸಬಹುದು. ಗಾಳಿ ಹೊಡೆಯಲೇಬೇಕೆಂದರೆ ಕಡಿಮೆ ಒತ್ತಡದಲ್ಲಿ, ಗನ್ ದೂರ ಹಿಡಿದು, ಇಂಜಿನ್ ಕಡೆಯ ಮುಖದಿಂದ ಹೊರಕ್ಕೆ ಹೊಡೆಯಬೇಕು. ಧೂಳು ಕೂತ ಕಡೆಯಿಂದ ಹೊಡೆದರೆ ಅದು ಇನ್ನೂ ಒಳಗೆ ನುಗ್ಗುತ್ತದೆ. ಆಮೇಲೆ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಂದೆ ಹಿಡಿದು ನೋಡಿ. ಎಲ್ಲಾದರೂ ಬೆಳಕು ಚುಕ್ಕೆಯಾಗಿ ಕಂಡರೆ ಎಸೆಯಿರಿ.

ಈ ಮೂರರಲ್ಲಿ ಹಳೇ ಬಂಡಿಗಳಲ್ಲಿ ಬರುವ ಸ್ಪಾಂಜ್ ಫಿಲ್ಟರ್ ಒಂದನ್ನೇ ತೊಳೆದು ಬಳಸಲು ಮಾಡಿರುವುದು. ಸೋಪು ನೀರಿನಲ್ಲಿ ಅದುಮಿ ತೊಳೆಯಿರಿ, ಬಟ್ಟೆ ಹಿಂಡಿದ ಹಾಗೆ ತಿರುಚಬೇಡಿ. ನೆರಳಲ್ಲಿ ಪೂರ್ತಿ ಒಣಗಲಿ. ಆಮೇಲೆ ಕೈಪಿಡಿಯಲ್ಲಿ ಹೇಳಿದ ಆಯಿಲ್‌ನಲ್ಲಿ ಅದ್ದಿ, ತೊಟ್ಟಿಕ್ಕದ ಹಾಗೆ ಅದುಮಿ ತೆಗೆದು ಹಾಕಿ. ಆಯಿಲ್ ಹಾಕದೆ ಬರೀ ಸ್ಪಾಂಜ್ ಹಾಕಿದರೆ ಸಣ್ಣ ಧೂಳು ನಿಲ್ಲುವುದಿಲ್ಲ. ಪೆಟ್ರೋಲಿನಲ್ಲಿ ಮಾತ್ರ ತೊಳೆಯಬೇಡಿ. ಸ್ಪಾಂಜೂ ಹಾಳಾಗುತ್ತದೆ, ಬೆಂಕಿಯ ಭಯ ಬೇರೆ.

ಫಿಲ್ಟರ್ ಹೊಸದು ಹಾಕಿದರೂ ಕೂರಿಸುವುದು ಸರಿಯಿಲ್ಲದಿದ್ದರೆ ದುಡ್ಡು ದಂಡ. ಇದಕ್ಕೆ ಯಾರೂ ಅಷ್ಟು ಗಮನ ಕೊಡುವುದಿಲ್ಲ. ಹಳೇ ಫಿಲ್ಟರ್ ತೆಗೆದ ಕೂಡಲೇ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಒಳಗೆ, ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಒರೆಸಿ ನೋಡಿ. ಬಟ್ಟೆ ಹಾಗೇ ಬಂದರೆ ಅಥವಾ ಬರೀ ಎಣ್ಣೆ ಪಸೆ ಇದ್ದರೆ ಚಿಂತೆ ಇಲ್ಲ. ಕೆಂಪು ಮಣ್ಣು ಹತ್ತಿದರೆ ಧೂಳು ಎಲ್ಲಿಂದಲೋ ಒಳಗೆ ದಾಟುತ್ತಿದೆ ಎಂದೇ ಅರ್ಥ. ಫಿಲ್ಟರ್ ಅಂಚಿನ ರಬ್ಬರ್ ಮಡಚಿರಬಹುದು, ಬಾಕ್ಸಿನ ಸ್ಕ್ರೂ ಒಂದು ಕಳೆದಿರಬಹುದು, ಇಲ್ಲಾ ಪೈಪೇ ಬಿರುಕು ಬಿಟ್ಟಿರಬಹುದು. ಬಾಕ್ಸ್ ಒಳಗಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಊದಬೇಡಿ. ಒರೆಸುವಾಗ ಪೈಪಿನ ಬಾಯಿಗೆ ಬಟ್ಟೆ ತುರುಕಿದ್ದರೆ ಅದನ್ನು ಮರೆಯದೆ ಹೊರಗೆ ತೆಗೆಯಿರಿ. ಬಾಕ್ಸಿನ ಕೆಳಗೆ ಸಣ್ಣ ಡ್ರೈನ್ ಟ್ಯೂಬ್ ಇದ್ದರೆ ಅದರಲ್ಲಿ ನಿಂತ ನೀರು, ಆಯಿಲ್ ಹೊರಕ್ಕೆ ಹರಿಸಿಬಿಡಿ.

ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು ಎನ್ನುವುದು ಬೈಕಿನ ಕೈಪಿಡಿಯಲ್ಲಿ ಇರುತ್ತದೆ. ಧೂಳಿನ ಕಡೆ ಓಡಿಸುವವರು ಇನ್ನೂ ಬೇಗ ಬದಲಿಸಿ ಎಂದೂ ಅದರಲ್ಲೇ ಬರೆದಿರುತ್ತಾರೆ. ನಿಮ್ಮ ರಸ್ತೆಗೆ ಆ ಎರಡನೇ ಮಾತೇ ಅನ್ವಯ. ಪುಸ್ತಕದ ಲೆಕ್ಕದ ಅರ್ಧಕ್ಕೇ ಬದಲಿಸಿ ಎನ್ನುವುದು ನನ್ನ ಸಲಹೆ. ರಸ್ತೆ ಮೇಲೆ ಮೆಕ್ಕೆಜೋಳ, ರಾಗಿ ಒಕ್ಕಣೆ ನಡೆಯುವ ದಿನಗಳು ಮುಗಿದ ಮೇಲೆ ಒಮ್ಮೆ, ಆಷಾಢದ ಗಾಳಿ ಕಳೆದ ಮೇಲೆ ಒಮ್ಮೆ ಬಿಚ್ಚಿ ನೋಡಿದರೆ ಒಳ್ಳೆಯದು. ವಾಟರ್ ವಾಶ್ ಮಾಡಿಸುವಾಗ ಸೀಟಿನ ಕೆಳಗೆ ಪೈಪ್ ಹಿಡಿಯಬೇಡಿ ಎಂದು ಹೇಳಿ. ನೆಂದ ಪೇಪರ್‌ನಲ್ಲಿ ಗಾಳಿ ಹೋಗುವುದಿಲ್ಲ.

ಹೊಸ ಫಿಲ್ಟರ್ ಹಾಕಿದ ಮೇಲೂ ಪಿಕಪ್ ಬಾರದಿದ್ದರೆ ಬ್ರೇಕ್ ಹಿಡಿದುಕೊಂಡಿದೆಯಾ, ಕ್ಲಚ್ ಜಾರುತ್ತಿದೆಯಾ, ಪ್ಲಗ್ ಹೇಗಿದೆ ಎಂದು ನೋಡಿಸಿ. ಅಂಗಡಿಗೆ ಹೋಗುವಾಗ ಹಳೇ ಫಿಲ್ಟರ್ ಕೈಯಲ್ಲೇ ಇರಲಿ. ಒಂದೇ ಹೆಸರಿನ ಬೈಕಿಗೂ ಬಿಎಸ್4, ಬಿಎಸ್6 ಎಂದು ಫಿಲ್ಟರ್ ಬೇರೆ ಬೇರೆ ಇರಬಹುದು. ಎರಡನ್ನೂ ಪಕ್ಕದಲ್ಲಿಟ್ಟು ಅಂಚಿನ ರಬ್ಬರ್, ಎತ್ತರ, ಸ್ಕ್ರೂ ತೂತು ಒಂದೇ ಇವೆಯಾ ನೋಡಿ, ಆಮೇಲೆ ದುಡ್ಡು ಕೊಡಿ.