ಎಂಜಿನ್ ಕೆಟ್ಟರೆ ಮೊದಲು ತೇಗ ನೋಡಿ

ಕೊಡಗಿನಲ್ಲಿ ಕಡಲಿಲ್ಲ, ಬೋಟಿನ ಹುಚ್ಚಿಗೆ ಮಾತ್ರ ಕೊರತೆಯಿಲ್ಲ. ಮಂಗಳೂರಿನಲ್ಲೋ ಕೊಚ್ಚಿಯಲ್ಲೋ ಯಾರೋ ಮಾರಲಿಟ್ಟ ಹಳೇ ಕ್ಯಾಬಿನ್ ಕ್ರೂಸರ್ ಕೊಳ್ಳುವ ತೋಟದವರು ಇಲ್ಲಿದ್ದಾರೆ. ಒಳಗೆ ಇಬ್ಬರು ಮಲಗುವಷ್ಟು ಕ್ಯಾಬಿನ್, ಹಿಂದೆ ಡೆಕ್ ಕೆಳಗೆ ಎಂಜಿನ್, ಮೇಲೆಲ್ಲ ತೇಗದ ಹಲಗೆ, ತೇಗದ ಪಟ್ಟಿ. ಸಣ್ಣ ಬೋಟಾದರೆ ಮಳೆಗಾಲಕ್ಕೆ ಮೊದಲು ಟ್ರೇಲರ್ ಮೇಲೆ ಸಂಪಾಜೆ ಘಾಟಿ ಹತ್ತಿಸಿ ತೋಟಕ್ಕೆ ತರುತ್ತಾರೆ. ಉಪ್ಪುನೀರಿನಿಂದ ದೂರ ಇಟ್ಟರೆ ಬೋಟ್ ಉಳಿಯುತ್ತದೆ ಎಂಬ ನಂಬಿಕೆ. ಮಳೆ ಕಳೆದ ಮೇಲೆ ನನಗೆ ಫೋನ್ ಬರುತ್ತದೆ: "ಎಂಜಿನ್ ತಿರುಗ್ತಾನೇ ಇಲ್ಲ, ಸ್ವಲ್ಪ ಬಂದು ನೋಡಿ."

ಹೋದ ಕೂಡಲೇ ನಾನು ಎಂಜಿನ್ ಮುಚ್ಚಳ ತೆಗೆಯುವುದಿಲ್ಲ. ಡೆಕ್ ಹತ್ತಿ, ಸ್ಕ್ರೂಡ್ರೈವರ್ ಹಿಡಿಯಿಂದ ತೇಗದ ಹಲಗೆಗಳನ್ನು ಸಾಲಾಗಿ ತಟ್ಟುತ್ತೇನೆ. ಗಟ್ಟಿ ಇದ್ದ ಕಡೆ ಟಕ್ ಎಂದು ಚುರುಕಾದ ಸದ್ದು. ಕೆಳಗೆ ನೀರು ಕುಡಿದ ಜಾಗದಲ್ಲಿ ಸದ್ದು ಸತ್ತು ಹೋಗುತ್ತದೆ. ಆ ಜಾಗ ಹೆಚ್ಚಿನ ಸಲ ಎಂಜಿನ್ ನೆತ್ತಿಯ ಮೇಲೇ ಇರುತ್ತದೆ. ಮಾಲೀಕರಿಗೆ ಆಶ್ಚರ್ಯ: "ತೇಗ ಅಲ್ವಾ, ತೇಗಕ್ಕೆ ಏನಾಗುತ್ತೆ?"

ತಿತಿಮತಿ ಕಡೆಯ ತೇಗದ ಪ್ಲಾಂಟೇಶನ್ ನೋಡುತ್ತಾ ಬೆಳೆದವರು ಹಾಗೆ ಕೇಳುವುದು ಸಹಜ. ನಿಜ, ತೇಗಕ್ಕೆ ಏನೂ ಆಗಿರುವುದಿಲ್ಲ. ಆದರೆ ಎಷ್ಟೋ ಹಳೇ ಬೋಟ್‌ಗಳಲ್ಲಿ ತೇಗ ಬರೀ ಮೇಲಿನ ಹೊದಿಕೆ. ಅದರ ಕೆಳಗೆ ಫೈಬರ್, ಫೈಬರ್ ಪದರಗಳ ನಡುವೆ ಪ್ಲೈವುಡ್. ಹಲಗೆಯನ್ನು ಹಿಡಿದಿರುವುದು ನೂರಾರು ಸ್ಕ್ರೂ. ಪ್ರತಿ ಸ್ಕ್ರೂ ತಲೆಯ ಮೇಲೆ ಒಂದು ತೇಗದ ಬಿರಡೆ. ಹಲಗೆ ಸವೆದಂತೆ ಬಿರಡೆ ತೆಳ್ಳಗಾಗಿ ಎದ್ದು ಹೋಗುತ್ತದೆ, ಸ್ಕ್ರೂ ಗುಂಟ ಮಳೆನೀರು ಇಳಿಯುತ್ತದೆ, ಪ್ಲೈವುಡ್ ಕೊಳೆಯುತ್ತದೆ. ಇನ್ನೊಂದು ವಿಷಯ. ಮರ ಕೊಳೆಸುವ ಬೂಷ್ಟಿಗೆ ಉಪ್ಪು ಆಗಿಬರುವುದಿಲ್ಲ, ಸಿಹಿನೀರು ಬಲು ಇಷ್ಟ. ಕಡಲಿನಿಂದ ಕಾಪಾಡಲು ಕೊಡಗಿನ ಮಳೆಗೆ ತಂದು ನಿಲ್ಲಿಸಿದರೆ ಆಗುವುದು ಇದೇ.

ತೇಗ ಸವೆಯಲು ಮುಖ್ಯ ಕಾರಣ ಬಿಸಿಲೂ ಅಲ್ಲ, ಕಾಲಿನ ಓಡಾಟವೂ ಅಲ್ಲ. ನಮ್ಮ ಅತಿಯಾದ ಆರೈಕೆ. ಜೀಪ್ ತೊಳೆಯುವ ಪ್ರೆಷರ್ ವಾಷರ್ ಅನ್ನು ಡೆಕ್‌ಗೂ ಹಿಡಿಯುತ್ತಾರೆ. ಎಳೆಗಳ ನಡುವಿನ ಮೆತ್ತನೆ ಮರ ಕಿತ್ತುಹೋಗಿ ಗಟ್ಟಿ ಎಳೆ ಮಾತ್ರ ಗೆರೆಗೆರೆಯಾಗಿ ನಿಲ್ಲುತ್ತದೆ. ಅದನ್ನು ಸಮ ಮಾಡಲು ಸ್ಯಾಂಡಿಂಗ್. ಎರಡು ವರ್ಷಕ್ಕೆ ಮತ್ತೆ ಅದೇ ಕತೆ. ತೊಳೆಯಲು ಮೃದುವಾದ ಬ್ರಷ್, ಸ್ವಲ್ಪ ಸೋಪು ಸಾಕು. ಉಜ್ಜುವುದು ಎಳೆಗೆ ಅಡ್ಡವಾಗಿ. ಎಳೆಯ ಉದ್ದಕ್ಕೆ ಉಜ್ಜಿದರೆ ಮೆತ್ತನೆ ಭಾಗವನ್ನು ಬ್ರಷ್ಷೇ ಕೆರೆದು ತೆಗೆಯುತ್ತದೆ. ತುಕ್ಕಿನ ಕಪ್ಪು ಕಲೆಗೆ ಆಕ್ಸಾಲಿಕ್ ಆಸಿಡ್ ಹಿಡಿಯುತ್ತದೆ. ಕೈಗೆ ಗ್ಲೌಸ್ ಇರಲಿ, ಆಮೇಲೆ ಚೆನ್ನಾಗಿ ತೊಳೆಯಿರಿ.

ಬೂದು ಬಣ್ಣಕ್ಕೆ ತಿರುಗಿದ ತೇಗ ಕೆಟ್ಟದ್ದಲ್ಲ. ಡೆಕ್ ಅನ್ನು ಹಾಗೇ ಬಿಡಿ ಎಂದು ನಾನು ಹೇಳುತ್ತೇನೆ, ಯಾರೂ ಕೇಳುವುದಿಲ್ಲ. ಅಂಗಡಿಯಲ್ಲಿ ಸಿಗುವ ಟೀಕ್ ಆಯಿಲ್ ಬಳಿಯುತ್ತಾರೆ. ಎರಡು ವಾರ ಚಿನ್ನದ ಬಣ್ಣ. ನಮ್ಮ ಜೂನ್–ಜುಲೈ ತೇವಕ್ಕೆ ಆ ಎಣ್ಣೆಯ ಮೇಲೇ ಬೂಷ್ಟು ಹಿಡಿದು ಡೆಕ್ ಕಪ್ಪಾಗುತ್ತದೆ.

ಕ್ಯಾಬಿನ್ ಬಾಗಿಲು, ಕೈಹಿಡಿ, ಅಂಚಿನ ಪಟ್ಟಿಗೆ ವಾರ್ನಿಷ್ ಸರಿ. ಬಿಸಿಲು ತಡೆಯುವ ಮರೈನ್ ವಾರ್ನಿಷ್ಷೇ ಬೇಕು. ತೇಗದಲ್ಲಿ ಎಣ್ಣೆ ಅಂಶ ಇರುವುದರಿಂದ ಮೊದಲು ಅಸಿಟೋನ್‌ನಲ್ಲಿ ಒರೆಸಿ. ಮೊದಲ ಕೋಟ್ ಥಿನ್ನರ್ ಹಾಕಿ ತೆಳುವಾಗಿ, ನಂತರ ಒಂದೊಂದಾಗಿ ಆರೇಳು ಕೋಟ್, ನಡುನಡುವೆ 220 ಅಥವಾ 320ರ ಎಮರಿ ಕಾಗದ. ಇಲ್ಲಿ ಇದಕ್ಕೆ ಜನವರಿ, ಫೆಬ್ರವರಿ ಒಳ್ಳೆಯದು, ಅದೂ ಬೆಳಿಗ್ಗೆ ಇಬ್ಬನಿ ಪೂರ್ತಿ ಆರಿದ ಮೇಲೆ. ಕಾಫಿ ಕೊಯ್ಲಿನ ಮಧ್ಯೆ ಆಳು ಎಲ್ಲಿಂದ ತರಲಿ ಎಂದರೆ ನನ್ನ ಹತ್ತಿರ ಉತ್ತರ ಇಲ್ಲ.

ಇನ್ನು ಎಂಜಿನ್. ಡೆಕ್‌ನಿಂದ ಎಂಜಿನ್‌ಗೆ ನೀರು ಇಳಿಯುವ ದಾರಿ ಸ್ಕ್ರೂ ತೂತು ಒಂದೇ ಅಲ್ಲ. ಡೀಸೆಲ್ ತುಂಬುವ ಮುಚ್ಚಳ ಡೆಕ್ ಮಟ್ಟದಲ್ಲೇ ಇರುತ್ತದೆ. ಅದನ್ನು ತಿರುಗಿಸಿ ತೆಗೆದರೆ ಒಳಗೆ ಒಂದು ರಬ್ಬರ್ ರಿಂಗ್. ಹಳೇ ಬೋಟ್‌ನಲ್ಲಿ ಅದು ಚಪ್ಪಟೆಯಾಗಿ, ಉಗುರು ಒತ್ತಿದರೂ ತಗ್ಗದಷ್ಟು ಗಡುಸಾಗಿರುತ್ತದೆ. ಅದರ ಮೇಲೆ ನೀರು ನಿಂತರೆ ನೇರ ಟ್ಯಾಂಕಿಗೆ. ಡೀಸೆಲ್ ತಳದಲ್ಲಿ ನೀರು ನಿಂತು, ನೀರು–ಡೀಸೆಲ್ ಸೇರುವಲ್ಲಿ ಕಪ್ಪು ಲೋಳೆ ಬೆಳೆಯುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. "ಇಂಜೆಕ್ಟರ್ ಹೋಗಿದೆ" ಎಂದು ಯಾರೋ ಬಿಚ್ಚಿಟ್ಟಿರುತ್ತಾರೆ. ಹೋಗಿದ್ದು ಪುಟ್ಟ ರಬ್ಬರ್ ರಿಂಗ್! ಅದನ್ನು ಬದಲಿಸಿ, ನಿಲ್ಲಿಸುವ ಮೊದಲು ಡೀಸೆಲ್ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗ ಇದ್ದಷ್ಟೂ ಒಳಗೆ ತೇವ ಬೆವರುತ್ತದೆ.

ಪೆಟ್ರೋಲ್ ಎಂಜಿನ್ ಆದರೆ ಉಲ್ಟಾ, ಆದಷ್ಟು ಖಾಲಿ ಮಾಡಿಡಿ. ಈಗಿನ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಅದು ನೀರು ಹೀರಿ ತಳಕ್ಕೆ ಇಳಿಯುತ್ತದೆ. ಸ್ಟಾರ್ಟ್ ಮಾಡುವ ಮೊದಲು, ಎಂಜಿನ್ ಇರುವ ಜಾಗದ ಗಾಳಿಯನ್ನು ಹೊರಗೆಳೆಯುವ ಬ್ಲೋವರ್ ಅನ್ನು ನಾಲ್ಕು ನಿಮಿಷ ಓಡಿಸುವುದು ಕಡ್ಡಾಯ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಕೂತಿರುತ್ತದೆ. ಅಗ್ಗ ಅಂತ ಕಾರಿನ ಆಲ್ಟರ್ನೇಟರ್, ಸ್ಟಾರ್ಟರ್ ಹಾಕಲೇಬೇಡಿ. ಅದರ ಕಿಡಿ ಹೊರಗೆ ಬರುತ್ತದೆ.

ಫೆಬ್ರವರಿ–ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಹಾಯಿಸಿ ಸ್ಪ್ರಿಂಕ್ಲರ್ ಎಂಜಿನ್ ಅನ್ನು ಮೂಲೆಗೆ ತಳ್ಳುವ ಅಭ್ಯಾಸ ನಮ್ಮವರದು. ಮುಂದಿನ ವರ್ಷ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಬೋಟ್ ಎಂಜಿನ್ ಹಾಗಲ್ಲ, ಅದು ಉಪ್ಪುನೀರನ್ನೇ ಎಳೆದು ತಣ್ಣಗಾಗುತ್ತದೆ. ಹಾಗಾಗಿ ನಿಲ್ಲಿಸುವ ಮೊದಲು ಎಂಜಿನ್ ಓಡಿಸುತ್ತಾ ಸಿಹಿನೀರು ಹಾಯಿಸಿ, ಆಮೇಲೆ ಪೂರ್ತಿ ಬಸಿಯಿರಿ. ಆಯಿಲ್ ಬದಲಿಸುವುದೂ ಆಗಲೇ, ಮಳೆ ಕಳೆದ ಮೇಲಲ್ಲ. ಹಳೇ ಆಯಿಲ್‌ನಲ್ಲಿರುವ ಆಸಿಡ್ ತಿಂಗಳುಗಟ್ಟಲೆ ಬೇರಿಂಗ್ ತಿನ್ನುತ್ತಾ ಕೂರುತ್ತದೆ.

ನೀರಿನ ಪಂಪ್ ಮುಚ್ಚಳ ಬಿಚ್ಚಿ ರಬ್ಬರ್ ಇಂಪೆಲ್ಲರ್ ಹೊರಗೆ ತೆಗೆದಿಡಿ. ಒಳಗೇ ಬಿಟ್ಟರೆ ರೆಕ್ಕೆಗಳು ಬಾಗಿದ ಹಾಗೇ ಸೆಟ್ ಆಗಿ ಬಿರುಕು ಬಿಡುತ್ತವೆ. ಒಂದು ರೆಕ್ಕೆ ಕಾಣೆಯಾಗಿದ್ದರೆ ಹೊಸದು ಹಾಕಿ ಸುಮ್ನೆ ಕೂರಬೇಡಿ. ಮುರಿದ ತುಂಡು ಮುಂದೆ ಹೀಟ್ ಎಕ್ಸ್‌ಚೇಂಜರ್ (ಎಂಜಿನ್ ಬಿಸಿಯನ್ನು ಕಡಲನೀರಿಗೆ ದಾಟಿಸುವ ಭಾಗ) ಬಾಯಲ್ಲಿ ಸಿಕ್ಕಿರುತ್ತದೆ, ಹುಡುಕಿ ತೆಗೆಯಬೇಕು. ಅಲ್ಲೇ, ಉಳಿದ ಲೋಹ ಸವೆಯದಂತೆ ತಾನೇ ಕರಗುವ ಜಿಂಕ್ ಕಡ್ಡಿಯನ್ನೂ ನೋಡಿ. ಅರ್ಧ ಕರಗಿದ್ದರೆ ಬದಲಿಸಿ.

ಎಲ್ಲಕ್ಕಿಂತ ದುಬಾರಿ ತಪ್ಪು ಸ್ಟಾರ್ಟರ್ ಬಟನ್ ಮೇಲಿನ ಹಠ. ಈ ಬೋಟ್‌ಗಳಲ್ಲಿ ಎಂಜಿನ್ ಅನ್ನು ತಂಪು ಮಾಡಿದ ನೀರು ಹೊಗೆಯ ಜೊತೆ ಎಕ್ಸಾಸ್ಟ್‌ನಲ್ಲೇ ಹೊರಗೆ ಹೋಗುತ್ತದೆ. ಎಂಜಿನ್ ಹತ್ತಿಕೊಳ್ಳದೆ ಬರೀ ತಿರುಗುತ್ತಿದ್ದರೆ ಪಂಪ್ ನೀರು ತುಂಬುತ್ತಲೇ ಇರುತ್ತದೆ, ತಳ್ಳಿ ಹಾಕಲು ಹೊಗೆ ಇರುವುದಿಲ್ಲ. ಸೈಲೆನ್ಸರ್ ತುಂಬಿ ನೀರು ಸಿಲಿಂಡರ್‌ಗೆ ವಾಪಸ್ ಬರುತ್ತದೆ. ನೀರನ್ನು ಪಿಸ್ಟನ್ ಅದುಮಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎರಡು ಮೂರು ಸಲ ಹೊಡೆದರೂ ಆಗದಿದ್ದರೆ ನೀರಿನ ವಾಲ್ವ್ ಮುಚ್ಚಿ ಕಾರಣ ಹುಡುಕಿ. ಹತ್ತಿಕೊಂಡ ಕೂಡಲೇ ತೆರೆಯಿರಿ.

ಶೆಡ್‌ನಲ್ಲಿ ನಿಲ್ಲಿಸುವಾಗ ಬೋಟಿನ ಮೂತಿ ಎತ್ತರಕ್ಕಿರಲಿ, ನೀರು ಹಿಂದಕ್ಕೆ ಹರಿಯಲಿ. ಟಾರ್ಪಾಲನ್ನು ಮೈಗೆ ಬಿಗಿಯಬೇಡಿ, ಕೆಳಗೆ ಗಾಳಿ ಆಡಬೇಕು. ಹಿಂದಿನ ಡ್ರೈನ್ ಪ್ಲಗ್ ತೆಗೆದು ಸ್ಟೀರಿಂಗ್‌ಗೆ ದಾರದಲ್ಲಿ ಕಟ್ಟಿ. ಜೇಬಿನಲ್ಲೋ ಡ್ರಾಯರ್‌ನಲ್ಲೋ ಇಟ್ಟರೆ, ಬೋಟ್ ಅರ್ಧ ನೀರಿಗೆ ಇಳಿದ ಮೇಲೆಯೇ ಅದರ ನೆನಪಾಗುವುದು.